ಭಾಲ್ಕಿ ಕೋರ್ಟಿನ ಮೂರು ಬೆರಳು ಸುಣ್ಣ

ಹೊಸದಾಗಿ ದೈಹಿಕ ಶಿಕ್ಷಕರಾಗಿ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದರೆ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಬಡ್ತಿ ಎಷ್ಟು ವರ್ಷಕ್ಕೆ ಬರುತ್ತದೆ? ವರ್ಗಾವಣೆಗೆ ಯಾರನ್ನು ಕಾಣಬೇಕು? ಎರಡಕ್ಕೂ ನನ್ನ ಬಳಿ ಉತ್ತರವಿಲ್ಲ. ಔರಾದ್, ಭಾಲ್ಕಿ, ಬೀದರ್ ಈ ಮೂರೇ ಊರಿನ ಕೆಂಪು ಮಣ್ಣಿನಲ್ಲಿ ಸೀಟಿ ಊದುತ್ತ ನಿವೃತ್ತಳಾದವಳು ನಾನು. ಬದಲಿಗೆ ಅವರು ಕೇಳದ ಒಂದು ವಿಷಯ ಹೇಳುತ್ತೇನೆ: ಟೆನಿಸ್ ಕೋರ್ಟಿಗೆ ಗೆರೆ ಎಳೆಯುವುದು ಹೇಗೆ. ಇದನ್ನು ಕಲಿಯಲು ನನಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು ಅಂದರೆ ಅವರು ನಗುತ್ತಾರೆ. ನಗಲಿ.

ಟೆನಿಸ್ ನನ್ನ ಪಾಲಿಗೆ ಬಂದದ್ದು ಒಂದು ಸುತ್ತೋಲೆಯಿಂದ. ಔರಾದಿನ ಹೈಸ್ಕೂಲಿನಲ್ಲಿ ಕಬಡ್ಡಿ, ಖೋ ಖೋ, ಓಟ, ಗುಂಡು ಎಸೆತ ಎಂದು ಸುಖವಾಗಿದ್ದೆ. ಬಾಲಕಿಯರ ಟೆನಿಸ್‌ಗೂ ಹೆಸರು ಕಳಿಸಬೇಕೆಂದು ಮೇಲಿನಿಂದ ಕಾಗದ ಬಂತು. ಮುಖ್ಯೋಪಾಧ್ಯಾಯರು ಕಪಾಟು ತೆಗೆದು, ಯಾವ ಕಾಲದ್ದೋ ಎರಡು ಬ್ಯಾಟು ಕೈಗಿಟ್ಟು, “ಮೇಡಂ, ನೀವು ಎಲ್ಲಾ ಆಟ ಬಲ್ಲವರು” ಅಂದರು. ಒಂದರ ತಂತಿ ಹರಿದಿತ್ತು, ಇನ್ನೊಂದರಲ್ಲಿ ಜೇಡ ಮನೆ ಮಾಡಿತ್ತು. ಮುಂದಿನ ಭಾನುವಾರ ಬೀದರ್ ಬಸ್ಸು ಹತ್ತಿದೆ.

ಬೀದರಿನಲ್ಲಿ ಒಂದು ಹಳೆಯ ಕ್ಲಬ್ಬಿನ ಕೋರ್ಟು ನೋಡಿಕೊಳ್ಳುತ್ತಿದ್ದವರು ಖಾಜಾಸಾಬ್. ನೆಲಕ್ಕೆ ನೀರು ಹೊಡೆಯುವುದು, ರೋಲರ್ ಎಳೆಯುವುದು, ನೆಟ್ ಬಿಗಿಯುವುದು ಅವರ ಕೆಲಸ. ಜೀವನದಲ್ಲಿ ಒಂದು ಪೂರಾ ಪಂದ್ಯ ಆಡಿದವರಲ್ಲ, ಆದರೆ ಸಾವಿರಾರು ಪಂದ್ಯ ನೋಡಿದ್ದರು.

“ಖಾಜಾಸಾಬ್, ಈ ಆಟ ನನಗ ಕಲಸ್ರಿ. ಬರೋ ತಿಂಗಳು ನಾ ಹುಡುಗ್ಯಾರಿಗಿ ಕಲಸ್ಬೇಕಾಗ್ಯಾದ.”

“ಅರೇ ಟೀಚರ್‌ಬಾಯಿ, ಆಡೋದು ಕಲೀಲಿಕ್ಕಿ ಜಿಂದಗಿ ಬೇಕ್ರಿ. ಎಣಿಸೋದು ಬೇಕಾದ್ರ ಇವತ್ತೇ ಕಲಿಸ್ತೇನಿ,” ಅಂದರು.

ಕಟ್ಟೆಯ ಮೇಲೆ ಕೂತು, ಜೇಬಿನಿಂದ ಹುಣಸೆ ಬೀಜ ತೆಗೆದು ಸಾಲಾಗಿ ಇಟ್ಟರು. ಮೊದಲ ಪಾಯಿಂಟಿಗೆ ಹದಿನೈದು, ಎರಡನೆಯದಕ್ಕೆ ಮೂವತ್ತು, ಮೂರನೆಯದಕ್ಕೆ ನಲವತ್ತು, ನಾಲ್ಕನೆಯದಕ್ಕೆ ಗೇಮು. ಏನೂ ಇಲ್ಲದಿದ್ದರೆ ಲವ್. ಇಬ್ಬರೂ ನಲವತ್ತಕ್ಕೆ ಬಂದರೆ ಡ್ಯೂಸ್. ಅಲ್ಲಿಂದ ಮುಂದೆ ಒಬ್ಬರೇ ಬೆನ್ನು ಬೆನ್ನಿಗೆ ಎರಡು ಪಾಯಿಂಟು ಗೆಲ್ಲಬೇಕು. ಮೊದಲನೆಯದು ಗೆದ್ದರೆ ಅಡ್ವಾಂಟೇಜ್, ಎರಡನೆಯದು ಸೋತರೆ ಮತ್ತೆ ಡ್ಯೂಸ್. ಆರು ಗೇಮಿಗೆ ಒಂದು ಸೆಟ್ಟು, ಆದರೆ ಎದುರಾಳಿಗಿಂತ ಎರಡು ಗೇಮು ಮುಂದಿರಬೇಕು. ಆರು-ಆರು ಆದರೆ ಟೈಬ್ರೇಕ್. ಅಲ್ಲಿ ಮಾತ್ರ ಒಂದು, ಎರಡು, ಮೂರು ಎಂದು ಮನುಷ್ಯರು ಎಣಿಸುವ ಹಾಗೆ ಎಣಿಕೆ. ಏಳಕ್ಕೆ ಮುಗಿಯುತ್ತದೆ, ಅಲ್ಲೂ ಎರಡರ ಅಂತರ ಬೇಕು. ಮೂರು ಸೆಟ್ಟಿನಲ್ಲಿ ಎರಡು ಗೆದ್ದವರಿಗೆ ಪಂದ್ಯ.

ನನಗೆ ಮೊದಲಿನಿಂದಲೂ ಒಂದು ಕೆಟ್ಟ ಚಟ, ಯಾಕೆ ಎಂದು ಕೇಳದೆ ಬಿಡುವವಳಲ್ಲ. “ಹದಿನೈದು, ಮೂವತ್ತು ಸರಿ. ಆಮ್ಯಾಲ ನಲವತ್ತೈದು ಆಗಬೇಕಲ್ಲ, ನಲವತ್ತು ಹ್ಯಾಂಗಾಯ್ತ್ರಿ?” ಅಂದೆ.

ಖಾಜಾಸಾಬ್ ಗಡ್ಡ ನೀವಿಕೊಂಡರು. “ನಲವತ್ತೈದು ಅನ್ನೋದ್ರಾಗ ಚೆಂಡು ಬಂದೇಬಿಡ್ತದ್ರಿ.”

ಆಮೇಲೆ ಓದಿದ ಪುಸ್ತಕಗಳಲ್ಲೂ ಇದಕ್ಕಿಂತ ಗಟ್ಟಿಯಾದ ಉತ್ತರ ಸಿಗಲಿಲ್ಲ. ಗಡಿಯಾರದ ಮುಳ್ಳು ಕಾಲು ಗಂಟೆಗೊಮ್ಮೆ ಸರಿಸುತ್ತಿದ್ದರಂತೆ ಎಂದು ಕೆಲವರು, ಅದೆಲ್ಲ ಸುಳ್ಳು ಎಂದು ಕೆಲವರು. ಜಗತ್ತೆಲ್ಲ ಆಡುವ ಆಟದ ಎಣಿಕೆ ಯಾಕೆ ಹೀಗಿದೆ ಎಂದು ಆಡುವವರಿಗೇ ಗೊತ್ತಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಅಲ್ಲಿಂದ ಈ ಆಟದ ಬೆನ್ನು ಹತ್ತಿದೆ.

ಔರಾದಿನ ಮೈದಾನದಲ್ಲಿ ಎರಡು ಬಿದಿರು ನೆಟ್ಟು, ಹಳೆಯ ವಾಲಿಬಾಲ್ ನೆಟ್ಟನ್ನು ಮಡಚಿ ಕಟ್ಟಿ, ಪಾಠ ಶುರು ಮಾಡಿದೆ. ಸರ್ವಿಸ್ ಮಾಡುವವಳು ಹಿಂದಿನ ಗೆರೆ ತುಳಿಯಬಾರದು. ಚೆಂಡು ನೆಟ್ಟಿನಾಚೆ ಓರೆಯಾಗಿ ಎದುರಿಗಿರುವ ಚೌಕದಲ್ಲೇ ಬೀಳಬೇಕು. ಒಂದು ತಪ್ಪಿದರೆ ಇನ್ನೊಂದು ಅವಕಾಶ; ಎರಡೂ ತಪ್ಪಿದರೆ ಪಾಯಿಂಟು ಹೋಯಿತು. ನೆಟ್ಟಿಗೆ ತಾಗಿ ಸರಿಯಾದ ಚೌಕದಲ್ಲೇ ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ಈ ಎರಡನೇ ಅವಕಾಶ ಹುಡುಗಿಯರಿಗೆ ಬಹಳ ಇಷ್ಟವಾಯಿತು. “ಮೇಡಂ, ಪರೀಕ್ಷಾದಾಗೂ ಹಿಂಗೇ ಇರಬೇಕಿತ್ರಿ,” ಎಂದು ಒಬ್ಬಳು ನಿಟ್ಟುಸಿರು ಬಿಟ್ಟಳು.

ಮೊದಲ ಬಾರಿಗೆ ಅಂಪೈರ್ ಕುರ್ಚಿ ಹತ್ತಿದ ದಿನ ಮಾಡಿದ ಎಡವಟ್ಟು ಇನ್ನೂ ನೆನಪಿದೆ. ಅಂಕ ಕೂಗುವಾಗ ಸರ್ವಿಸ್ ಮಾಡುವವರ ಅಂಕ ಮೊದಲು ಹೇಳಬೇಕು. ಒಂದು ಗೇಮು ಮುಗಿದು ಸರ್ವಿಸ್ ಕೈ ಬದಲಾದ ಮೇಲೂ ನಾನು ಮೊದಲಿನವಳ ಅಂಕವನ್ನೇ ಮೊದಲು ಕೂಗುತ್ತಿದ್ದೆ. ಸೋಲುತ್ತಿದ್ದವಳು ಗೆಲ್ಲುತ್ತಿದ್ದೇನೆ ಎಂದು ತಿಳಿದು ಹಲ್ಲು ಕಿರಿದು ನಿಂತಿದ್ದಳು. ಮುಂದಿನ ವಾರ ಖಾಜಾಸಾಬ್ ಎರಡು ಡಬ್ಬಿ ಕೊಟ್ಟರು. ಕುರ್ಚಿಯ ಎಡಕ್ಕೊಂದು, ಬಲಕ್ಕೊಂದು. ಆಟಗಾರ್ತಿಗೊಂದು ಡಬ್ಬಿ, ಪಾಯಿಂಟಿಗೊಂದು ಹುಣಸೆ ಬೀಜ. ನಿವೃತ್ತಿಯವರೆಗೂ ಅದೇ ನನ್ನ ಪದ್ಧತಿ. ಈಗಿನವರು ಫೋನಿನಲ್ಲಿ ಒತ್ತುತ್ತಾರೆ, ನೋಡಿದ್ದೇನೆ. ಚೆನ್ನಾಗಿದೆ, ಚಾರ್ಜು ಇರುವ ತನಕ.

ಆ ಬೀಜಗಳೇ ಒಂದು ಸಲ ನನ್ನ ತಲೆ ಕೆಡಿಸಿದವು. ಪಂದ್ಯ ಮುಗಿದ ಮೇಲೆ ಸುಮ್ಮನೆ ಎಣಿಸಿದೆ. ಸೋತವಳ ಡಬ್ಬಿಯಲ್ಲಿ ಗೆದ್ದವಳಿಗಿಂತ ಹೆಚ್ಚು ಬೀಜಗಳಿದ್ದವು! ಮತ್ತೆ ಎಣಿಸಿದೆ, ಹಾಗೇ ಇತ್ತು. ತಪ್ಪು ಹುಡುಗಿಯನ್ನು ಗೆಲ್ಲಿಸಿದೆನೆ ಎಂದು ಬೀದರಿಗೆ ಓಡಿದೆ.

“ತಪ್ಪಲ್ರಿ, ಐಸಾಯಿಚ್, ಹಿಂಗೇ ಇರ್ತದ,” ಎಂದು ಖಾಜಾಸಾಬ್ ಸಮಾಧಾನ ಮಾಡಿದರು. “ಸೋತಾಕಿ ತನ್ನ ಗೇಮು ಗೆದ್ದಾಗ ಎದುರಿನಾಕಿಗಿ ಒಂದೂ ಬಿಟ್ಟಿಲ್ಲ. ಸೋತಾಗ ಡ್ಯೂಸ್‌ತನಕ ಬಂದು ಸೋತಾಳ. ಬೀಜ ಜಾಸ್ತಿ ಆಗ್ಯಾವ, ಗೇಮು ಕಮ್ಮಿ ಆಗ್ಯಾವ.” ಕೂಡಿಸಿ ನೋಡಿದೆ, ನಿಜ. ಎಷ್ಟು ಗೆದ್ದೆ ಎನ್ನುವುದಕ್ಕಿಂತ ಯಾವಾಗ ಗೆದ್ದೆ ಎನ್ನುವುದನ್ನು ನೋಡುವ ಆಟ ಇದು. ಆ ರಾತ್ರಿ ಊಟಕ್ಕೆ ಕೂತಾಗಲೂ ಇದನ್ನೇ ಯೋಚಿಸುತ್ತಿದ್ದೆ.

ಇನ್ನೊಮ್ಮೆ ಚೆಂಡು ಆಟದಲ್ಲಿದ್ದಾಗಲೇ ಒಂದು ಮೇಕೆ ಕೋರ್ಟಿನೊಳಗೆ ಬಂತು. ಹೊಡೆಯಬೇಕಾದವಳು ನಿಂತುಬಿಟ್ಟಳು, ಎದುರಿನವಳು ಪಾಯಿಂಟು ತನ್ನದೆಂದಳು. “ಮೇಕಿ ಚೆಂಡಿಗಿ ಮುಟ್ಟೇ ಇಲ್ಲಲ್ರಿ!” ಎನ್ನುವುದು ಅವಳ ವಾದ. ಆಟಗಾರರ ಕೈಮೀರಿದ ಅಡ್ಡಿ ಬಂದರೆ ಪಾಯಿಂಟು ಮತ್ತೆ ಆಡಿಸಬೇಕು, ಮೇಕೆ ಮುಟ್ಟಲಿ ಬಿಡಲಿ. ಆದರೆ ಕೋರ್ಟಿನಲ್ಲಿ ಮೊದಲೇ ಬಿದ್ದಿರುವ ಇನ್ನೊಂದು ಚೆಂಡಿಗೆ ಚೆಂಡು ತಾಗಿದರೆ ಆಟ ನಿಲ್ಲದು, ಆಡುತ್ತಲೇ ಇರಬೇಕು. ಭಾಲ್ಕಿಯಲ್ಲಿ ಬೇವಿನ ಕೊಂಬೆಯೊಂದು ಕೋರ್ಟಿನ ಮೇಲೆ ಬಾಗಿತ್ತು. ಹೊಡೆದ ಚೆಂಡು ನೆಲ ಮುಟ್ಟುವ ಮೊದಲೇ ಅದಕ್ಕೆ ತಾಗಿದರೆ ಹೊಡೆದವರಿಗೇ ನಷ್ಟ. ಮೇಕೆಗೊಂದು ನ್ಯಾಯ, ಮರಕ್ಕೊಂದು ನ್ಯಾಯ. ಯೋಚಿಸಿದರೆ ಸರಿಯೇ: ಮರ ಅಲ್ಲಿದೆ ಎಂದು ಮೊದಲೇ ಗೊತ್ತಿತ್ತಲ್ಲ.

ನಮ್ಮ ತಾಲೂಕಿನ ಕ್ರೀಡಾ ಅಧಿಕಾರಿ ಕಬಡ್ಡಿಯ ಹುಲಿ. ಟೆನಿಸ್ ಕಂಡರೆ ಮೈ ಉರಿಯುತ್ತಿತ್ತು. “ಇಬ್ಬರೇ ಆಡ್ಲಿಕ್ಕಿ ಇಷ್ಟು ಜಾಗ ಯಾಕ್ರಿ?” ಎನ್ನುತ್ತಿದ್ದರು. ಒಂದು ಗೇಮಿನಲ್ಲಿ ಡ್ಯೂಸ್ ಮೇಲೆ ಡ್ಯೂಸ್ ಆಗಿ ಮುಗಿಯದೆ ಹೋದಾಗ ಕುರ್ಚಿ ಹತ್ತಿರ ಬಂದು, “ಮೇಡಂ, ಟಾಸ್ ಹಾಕಿ ಮುಗಸ್ರಿ, ಊಟದ ಹೊತ್ತಾಗ್ಯಾದ” ಅಂದರು. ನಾನು ಮುಗಿಸಲಿಲ್ಲ. ಅವರು ಊಟ ಮಾಡಿ ವಾಪಸು ಬಂದಾಗಲೂ ಹುಡುಗಿಯರು ಅದೇ ಸೆಟ್ಟಿನಲ್ಲಿದ್ದರು.

ಇನ್ನು ನನ್ನ ಮೂರು ಬೆರಳಿನ ಕಥೆ. ಆಗ ನಾನು ಭಾಲ್ಕಿಗೆ ವರ್ಗವಾಗಿ ಬಂದಿದ್ದೆ. ಔರಾದಿನಲ್ಲಿ ನಾನು ಎಂಟನೆಯ ತರಗತಿಯಲ್ಲಿ ಬ್ಯಾಟು ಹಿಡಿಸಿದ ಸುಜಾತಾ ಹತ್ತನೆಯ ತರಗತಿಗೆ ಬಂದಿದ್ದಳು. ಅವಳ ಅಪ್ಪ ಮಿಲಿಂದ ಔರಾದಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ. ಮಗಳು ಡಾಕ್ಟರೋ ನರ್ಸೋ ಆಗಲಿ ಎಂಬ ಆಸೆ. ಆ ವರ್ಷ ನನ್ನ ಎದುರಿಗೇ ಹೇಳಿದ್ದ: “ಮೇಡಂ, ಜಿಲ್ಲಾ ಗೆದ್ರ ಮುಂದ ಆಡ್ಲಿ. ಸೋತ್ರ ಬ್ಯಾಟು ಅಟ್ಟದ ಮ್ಯಾಲ. ನಾ ಮಾತಿನ ಮನುಷ್ಯಾ ಇದ್ದೀನ್ರಿ.” ಅವಳಿಗೆ ಹೈಸ್ಕೂಲಿನ ಕೊನೆಯ ವರ್ಷ ಅದು. ಗೆದ್ದರೆ ಕಲಬುರಗಿಯಲ್ಲಿ ವಿಭಾಗ ಮಟ್ಟ, ಸೋತರೆ ಅಲ್ಲಿಗೆ ಆಟ ಮುಗಿಯಿತು.

ಆ ವರ್ಷ ಬೀದರಿನ ಕೋರ್ಟು ದುರಸ್ತಿಯಲ್ಲಿತ್ತು. ಜಿಲ್ಲಾ ಫೈನಲ್ ಭಾಲ್ಕಿಯ ನಮ್ಮ ಶಾಲೆಯ ಮೈದಾನಕ್ಕೆ ಬಂತು. ಖಾಜಾಸಾಬ್ ನೆಟ್ಟು, ರೋಲರ್ ಸಮೇತ ಬಂದಿಳಿದರು. ಹಿಂದಿನ ದಿನ ಇಬ್ಬರೂ ಸೇರಿ ಗೆರೆ ಹಾಕಿದೆವು. ನೆಟ್ಟಿನಿಂದ ಮೂವತ್ತೊಂಬತ್ತು ಅಡಿ ಅಳೆದು ಗೂಟ ಹೊಡೆದು, ದಾರ ಬಿಗಿದು, ದಾರದ ಗುಂಟ ಸುಣ್ಣದ ಪುಡಿ. ರಸ್ತೆ ಕಡೆಯ ಅರ್ಧ ಅವರದು, ಬೇವಿನ ಮರದ ಕಡೆಯ ಅರ್ಧ ನನ್ನದು. ಹೊತ್ತು ಮುಳುಗುತ್ತಿತ್ತು, ಬೇಗ ಬೇಗ ಮುಗಿಸಿದೆವು.

ಫೈನಲ್ಲಿನಲ್ಲಿ ಸುಜಾತಾಳ ಎದುರಾಳಿ ಬೀದರಿನ ಪಲ್ಲವಿ. ಅಂಪೈರ್ ನಾನೇ. ನನ್ನ ಹಳೆಯ ಶಿಷ್ಯೆ ಆಡುತ್ತಾಳೆ, ಬೇರೆಯವರನ್ನು ಕೂರಿಸಿ ಎಂದಿದ್ದೆ. ಡ್ಯೂಸ್ ಎಣಿಸಬಲ್ಲ ಶಿಕ್ಷಕರು ಇನ್ನೊಬ್ಬರು ಸಿಗಲಿಲ್ಲ. ಹುಡುಗಿಯರು ಒಂದೊಂದು ಸೆಟ್ಟು ಹಂಚಿಕೊಂಡು, ಮೂರನೆಯದರಲ್ಲಿ ಆರು-ಆರಕ್ಕೆ ಬಂದರು. ಟೈಬ್ರೇಕಿನಲ್ಲಿ ಪಲ್ಲವಿ ಆರು, ಸುಜಾತಾ ಐದು. ಪಲ್ಲವಿ ಉದ್ದಕ್ಕೆ ಹೊಡೆದ ಚೆಂಡು ಬೇವಿನ ಕಡೆ ನಿಂತಿದ್ದ ಸುಜಾತಾಳನ್ನು ದಾಟಿ ಹಿಂದಿನ ಗೆರೆಯ ಹತ್ತಿರ ಬಿತ್ತು. ಸುಣ್ಣ ಹಾರಿದ್ದು ಕಂಡಿತು. ಸುಜಾತಾ ಕೈ ಎತ್ತಿ “ಔಟ್ ರೀ ಮೇಡಂ, ಔಟ್!” ಎಂದು ಕೂಗಿದಳು.

ಕುರ್ಚಿ ಇಳಿದು ಹೋಗಿ ನೋಡಿದೆ. ಚೆಂಡಿನ ಗುರುತು ಪೂರಾ ಸುಣ್ಣದ ಮೇಲಿತ್ತು. ಕೋಲಿನಿಂದ ಸುತ್ತ ಗೆರೆ ಎಳೆದು ತೋರಿಸಿದೆ. ಟೆನಿಸ್‌ನಲ್ಲಿ ಗೆರೆ ಮುಟ್ಟಿದ ಚೆಂಡು ಒಳಗಿನದೇ. ಪಂದ್ಯ ಪಲ್ಲವಿಗೆ ಎಂದು ಕೂಗಿದೆ. ನನ್ನ ಶಿಷ್ಯೆಯ ಪರ ಹೇಳಲಿಲ್ಲ ಎಂದು ಒಳಗೊಳಗೇ ಸ್ವಲ್ಪ ಬೀಗಿದ್ದೂ ಹೌದು. ಸುಜಾತಾ ಕೈ ಕುಲುಕಿ, ನನ್ನ ಮುಖ ನೋಡದೆ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಗೂಟ ಕೀಳಲು ಹೋದೆ. ಖಾಜಾಸಾಬರ ಕಡೆ ಗೂಟಗಳು ಗೆರೆಯ ಹೊರಗಿನ ಅಂಚಿನಲ್ಲಿದ್ದವು. ನನ್ನ ಕಡೆ ಒಳಗಿನ ಅಂಚಿನಲ್ಲಿದ್ದವು. ಗುಂಡು ಎಸೆತದಲ್ಲಿ ಗೆರೆ ತುಳಿದರೆ ತಪ್ಪು, ಆದ್ದರಿಂದ ಅಲ್ಲಿ ಸುಣ್ಣ ದಾರದ ಹೊರಗೆ ಬೀಳಬೇಕು. ಟೆನಿಸ್‌ನಲ್ಲಿ ಗೆರೆಯೂ ಕೋರ್ಟಿನ ಭಾಗ, ಅಳತೆ ಹೊರಗಿನ ಅಂಚಿಗೆ ಮುಗಿಯಬೇಕು, ಸುಣ್ಣ ದಾರದ ಒಳಗೆ ಬೀಳಬೇಕು. ಇಪ್ಪತ್ತು ವರ್ಷ ಗುಂಡು ಎಸೆತಕ್ಕೆ ಗೆರೆ ಹಾಕಿದ ಕೈ ತನಗೆ ಗೊತ್ತಿದ್ದಂತೆ ಹಾಕಿಬಿಟ್ಟಿತ್ತು. ನನ್ನ ಕಡೆಯ ಕೋರ್ಟು ಮೂರು ಬೆರಳಿನಷ್ಟು ಹೆಚ್ಚು ಉದ್ದವಾಗಿತ್ತು. ನಾನು ಸುತ್ತಿದ ಗುರುತು ಇನ್ನೂ ಅಲ್ಲೇ ಇತ್ತು. ಟೇಪ್ ಹಿಡಿದು ಅಳೆದೆ. ಆ ಚೆಂಡು ಮೂವತ್ತೊಂಬತ್ತು ಅಡಿಯ ಆಚೆ ಬಿದ್ದಿತ್ತು. ಅಲ್ಲೇ ಕೂತು ಅತ್ತೆ.

ಅಧಿಕಾರಿಗೆ ಹೋಗಿ ಹೇಳಿದೆ, ಪಂದ್ಯ ಮತ್ತೆ ಆಡಿಸಿ ಅಂದೆ. “ಶೀಟಿಗಿ ಸಹಿ ಆಗ್ಯಾದ, ಸುಮ್ನಿರ್ರಿ,” ಅಂದರು. “ಕುಣೀಲಿಕ್ಕಿ ಬಾರದಾಕಿ ನೆಲ ಡೊಂಕು ಅಂದಳಂತ. ಆ ಹುಡುಗಿ ಏನರೆ ಅಂದಳೇನು?”

“ಆಕಿ ಏನೂ ಅಂದಿಲ್ರಿ. ಇಲ್ಲಿ ನೆಲ ಖರೇನೇ ಡೊಂಕಿತ್ರಿ ಸರ್. ಡೊಂಕು ಮಾಡಿದಾಕಿ ನಾನು.”

ಅವರು ಫೈಲು ಮುಚ್ಚಿದರು. ಮೈದಾನಕ್ಕೆ ಮರಳಿ ಹೇಳಿದಾಗ, ನೆಟ್ಟು ಸುತ್ತುತ್ತಿದ್ದ ಖಾಜಾಸಾಬ್ ನಕ್ಕರು. “ಬದಿ ಬದಲಿ ಮಾಡೋದು ಯಾಕ ಅಂತ ತಿಳ್ಕೊಂಡೀರಿ, ಟೀಚರ್‌ಬಾಯಿ? ಒಂದನೇ ಗೇಮು, ಮೂರನೇ ಗೇಮು, ಐದನೇ ಗೇಮು ಆದ್ಮ್ಯಾಲ. ಟೈಬ್ರೇಕಿನ್ಯಾಗ ಆರು ಪಾಯಿಂಟಿಗೊಮ್ಮೆ. ಬಿಸಲಿನ ಸಲುವಾಗಿ, ಗಾಳಿ ಸಲುವಾಗಿ, ನಿಮ್ಮಂಥೋರ ಗೆರಿ ಸಲುವಾಗಿ! ಇಬ್ಬರೂ ಆ ಕಡಿ ಆಡ್ಯಾರ. ಫಿಕರ್ ನಕ್ಕೋ, ಚಿಂತಿ ಬಿಡ್ರಿ.”

ಎಷ್ಟೋ ವರ್ಷ ಹುಡುಗಿಯರನ್ನು ಆ ಬದಿ ಈ ಬದಿ ಓಡಿಸಿದ್ದೆ, ಅದರ ಅರ್ಥ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ನಿಯಮಕ್ಕೆ ಸಮಾಧಾನವಾಗಿರಬಹುದು, ಆ ಹುಡುಗಿಯ ಬ್ಯಾಟು ಅಟ್ಟ ಹತ್ತುವುದು ನನ್ನ ಮೂರು ಬೆರಳಿನಿಂದ. ಅದೇ ಮಧ್ಯಾಹ್ನ ಔರಾದ್ ಬಸ್ಸು ಹಿಡಿದೆ.

ಮಿಲಿಂದ ಮಷಿನ್ ಮೇಲಿದ್ದ. “ಬರ್ರಿ ಮೇಡಂ, ಕೂಡ್ರಿ,” ಎಂದು ಚಹಾ ತರಿಸಿದ. ಸುಜಾತಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಕಣ್ಣು ಊದಿದ್ದವು. ನಾನು ಗೂಟ, ದಾರ, ಸುಣ್ಣ ಎಲ್ಲ ಬಿಚ್ಚಿ ಹೇಳಿ, “ತಪ್ಪು ನಂದವ್ವ. ಅಳತೀ ಪ್ರಕಾರ ಆ ಚೆಂಡು ಔಟೇ. ನೀ ಹೇಳಿದ್ದು ಖರೆ ಇತ್ತು,” ಅಂದೆ.

ಅವಳು ಬಾಗಿಲು ಬಿಟ್ಟು ನನ್ನ ಎದುರಿಗೆ ಬಂದು ನಿಂತಳು.

“ಮೇಡಂ, ಆ ಗೆರಿ ಉದ್ದ ಅದ ಅಂತ ನನಗ ಗೊತ್ತಿತ್ರಿ,” ಅಂದಳು. “ಇಲ್ಲಿ ಸಾಲ್ಯಾಗ ಟೇಪ್ ಇಲ್ಲಲ್ರಿ, ನಾವು ಪಾದ ಇಟ್ಟೇ ಅಳೀತೀವಿ. ಆಟಕ್ಕಿಂತ ಮುಂಚೆ ಅಲ್ಲೂ ಅಳದು ನೋಡಿದ್ದೆ. ನೆಟ್ಟಿನಿಂದ ಹಿಂದಿನ ಗೆರೀಗಿ ರಸ್ತಾದ ಕಡಿ ನಲವತ್ತೆಂಟು ಪಾದ, ಬೇವಿನ ಕಡಿ ಅದಕ್ಕಿಂತ ಮೂರು ಬಟ್ಟು ಜಾಸ್ತಿ. ಪಲ್ಲವಿ ಆ ಕಡಿ ನಿಂತಾಗ ನಾ ಬೇಕಂತನೇ ಅಲ್ಲಿ ಹೊಡದೀನ್ರಿ. ಎರಡು ಪಾಯಿಂಟು ಬಂದಾವ.”

ನಾನು ಚಹಾದ ಲೋಟ ಕೆಳಗಿಟ್ಟೆ. “ಮತ್ತ ಕಡೀ ಚೆಂಡಿಗಿ ಔಟ್ ಅಂತ ಯಾಕ ಕೂಗಿದಿ?”

“ಸುಣ್ಣ ಹಾರಿದ್ದು ನೋಡಿದ್ದೆ ರಿ. ನೀವು ನನಗ ಕಲಿಸಿದೋರು, ನಾ ಕೂಗಿದ್ರ ನನ್ನ ಕಡಿ ಹೇಳ್ತೀರಿ ಅನ್ಕೊಂಡೆ.” ಅವಳು ಕಣ್ಣೊರೆಸಿಕೊಂಡಳು. “ಸೋತಿದ್ದಕ್ಕ ಅಳ್ಲಿಕತ್ತಿಲ್ರಿ ಮೇಡಂ ನಾ. ಹಂಗ ಕೂಗಿದ್ನಲ್ಲ, ಅದಕ್ಕ.”

ಮಷಿನಿನ ಸದ್ದು ನಿಂತಿತ್ತು. ನನಗೆ ನಾಚಿಕೆಯಾಯಿತು, ಅವಳ ಮೇಲೆ ಎಲ್ಲಿಲ್ಲದ ಪ್ರೀತಿಯೂ ಬಂತು. ತಪ್ಪೊಪ್ಪಿಕೊಂಡು ಹಗುರಾಗಲು ಹೋದವಳು ನಾನು. ಹದಿನಾರರ ಹುಡುಗಿ, ಅಪ್ಪನ ಎದುರಿಗೆ, ಬ್ಯಾಟು ಉಳಿಸಿಕೊಳ್ಳಲು ನಾನು ಕೊಟ್ಟ ನೆಪವನ್ನೇ ಬೇಡ ಎಂದಿದ್ದಳು.

ಮಿಲಿಂದ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. ಮಗಳ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ.

“ಮೇಡಂ, ಪಿಯುಸಿಗಿ ಟೆನಿಸ್ ಎಲ್ಲಿ ಅದ ರಿ?”

ನನಗೆ ಗೊತ್ತಿರಲಿಲ್ಲ. “ಕೇಳ್ಕೊಂಡು ಬರ್ತೇನಿ,” ಎಂದು ಎದ್ದು, ಭಾಲ್ಕಿಗೆ ಹೋಗುವ ಬದಲು ಬೀದರ್ ಬಸ್ಸು ಹತ್ತಿದೆ.